ಇಳಿಜಾರಿನಲ್ಲಿ ಊದಿದ ಶಿಳ್ಳೆ

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅತ್ತಿಗೆ, ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು.

ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಈಗ ಪೂರ್ತಿ ಮಡಚಲು ಬರುತ್ತಿದೆಯೇ? ಯಾರಿಗೂ ಹೇಳದೆ ಮೆಟ್ಟಿಲಿಳಿದು ಗಿಡಗಳಿಗೆ ನೀರು ಹಾಕಲು ಹೋಗಿ ಮಗಳ ಕೈಲಿ ಬೈಸಿಕೊಂಡಿರಂತೆ. ಅವಳೇ ಫೋನಿನಲ್ಲಿ ಹೇಳಿದಳು, "ಅತ್ತೆ, ಇವರನ್ನ ಕಾಯೋದಕ್ಕಿಂತ ಚಿಕ್ಕ ಮಗೂನ ಕಾಯೋದು ವಾಸಿ" ಎಂದು. ಅವಳು ಬೈದದ್ದು ಸರಿ ಎಂದು ನಾನು ಹೇಳುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ನನಗೆ ಇಬ್ಬರೂ ಬೇಕು. ಆದರೆ ಈ ಪತ್ರವನ್ನು ಮಾತ್ರ ಅವಳ ಕೈಲಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ನೀವೇ ನಿಧಾನವಾಗಿ ಓದಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಾನು ಈ ಮನೆಗೆ ಬಂದ ವರ್ಷವೇ ಹೇಳಿದ್ದಿರಿ. ಇವತ್ತು ಆದಷ್ಟು ದುಂಡಗೆ ಬರೆಯಲು ನೋಡುತ್ತೇನೆ.

ಬೆಟ್ಟದ ಪ್ರವಾಸ ಹೇಗಾಯಿತು, ಗುಬ್ಬಿ ಖುಷಿಯಾಗಿದ್ದನೇ ಎಂದು ಕೇಳಿದ್ದಿರಿ. ಐವತ್ತೈದು ದಾಟಿದ, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದಷ್ಟು ದಪ್ಪನೆಯ ಗಂಡಸನ್ನು ಇನ್ನೂ ಗುಬ್ಬಿ ಎಂದು ಕರೆಯುವವರು ಜಗತ್ತಿನಲ್ಲಿ ನೀವೊಬ್ಬರೇ. ಹೌದು, ಖುಷಿಯಾಗಿದ್ದರು. ಬಂದರಿನ ಕ್ರೇನಿನ ಮೇಲೆ ಆ ಗಾಜಿನ ಗೂಡಿನಲ್ಲಿ ಕೂತು ಕೂತು ಅವರಿಗೆ ಹಕ್ಕಿಗಳ ಹುಚ್ಚು ಹಿಡಿದದ್ದು ನಿಮಗೆ ಗೊತ್ತೇ ಇದೆ. ಕ್ರೇನಿನ ತೋಳಿನ ತುದಿಯಲ್ಲಿ ಹದ್ದೊಂದು ಗೂಡು ಕಟ್ಟಿದಾಗ ಮನೆಗೆ ಬಂದು ಮೊಮ್ಮಗು ಹುಟ್ಟಿದ ಹಾಗೆ ಸುದ್ದಿ ಹೇಳಿದ್ದರು. ಆಮೇಲೆ ದುರ್ಬೀನು ಬಂತು, ಚಿತ್ರಗಳ ಪುಸ್ತಕ ಬಂತು, ಊಟದ ಹೊತ್ತಿಗೆ ಕಾಡುಮೇಕೆಗಳ ಕಥೆ ಬಂತು. ಕಡಿದಾದ ಬಂಡೆಯ ಮೇಲೆ ಅವು ಹೇಗೆ ನಿಲ್ಲುತ್ತವೆ ಎಂದು ಒಂದು ಸಲವಾದರೂ ಕಣ್ಣಾರೆ ನೋಡಬೇಕು ಎನ್ನುತ್ತಿದ್ದರು. "ಮೇಲೆ ಕೆಲಸ ಮಾಡೋರ ಕಷ್ಟ ಮೇಲೆ ಕೆಲಸ ಮಾಡೋರಿಗೇ ಗೊತ್ತು ಕಣೇ" ಎಂದು ತಮಾಷೆ. ಅದಕ್ಕೇ ಈ ಸಲ ರಜ ಸಿಕ್ಕಿದ ಕೂಡಲೇ ಹೊರಟೆವು.

ಅತ್ತಿಗೆ, ಆ ಜಾಗವನ್ನು ಹೇಗೆ ಹೇಳಲಿ. ಕಾಯ್ದಿಟ್ಟ ಕಾಡು, ಬೆಟ್ಟ ಎಂದರೆ ನಾನು ಒಂದು ದೊಡ್ಡ ಉದ್ಯಾನದಂಥದ್ದು ಇರಬೇಕು ಎಂದುಕೊಂಡಿದ್ದೆ. ಗೇಟು ದಾಟಿ ಜೀಪು ಅರ್ಧ ದಿನ ಹೋದರೂ ಒಂದು ಮನೆಯಿಲ್ಲ, ತಂತಿಯಿಲ್ಲ, ಬೇಲಿಯಿಲ್ಲ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೂ ಒಂದು, ಕೊನೆಯದು ಮೋಡವೋ ಹಿಮವೋ ಹೇಳಲಾಗದು. ನನಗೆ ಮೊದಲು ಆದದ್ದು ಸಂತೋಷವಲ್ಲ, ಹೆದರಿಕೆ. ಇಲ್ಲಿ ಕೂಗಿದರೆ ಯಾರಿಗೆ ಕೇಳಿಸುತ್ತದೆ ಎಂದುಕೊಂಡೆ. ಕೆರೆಯ ಪಕ್ಕ ಮರದ ಹಲಗೆಯ ತಂಗುಮನೆ, ಎರಡು ಮಂಚದ ಪುಟ್ಟ ಕೋಣೆ, ಕಿಟಕಿಗೆ ದಪ್ಪ ಗಾಜು. ನಮ್ಮ ಗುಂಪಿನಲ್ಲಿ ನಾವಿಬ್ಬರು, ಹೊಸದಾಗಿ ಮದುವೆಯಾದ ಒಂದು ಜೋಡಿ, ಮತ್ತು ದಾರಿ ತೋರಿಸುವ ಹೆಂಗಸು. ಅವಳಿಗೆ ನನ್ನ ತಂಗಿಯ ವಯಸ್ಸು. ಬಿಸಿಲಿಗೆ ಸುಟ್ಟ ಮುಖ, ಕೊರಳಲ್ಲಿ ತಾಳಿಯ ಹಾಗೆ ಒಂದು ಲೋಹದ ಶಿಳ್ಳೆ. ಮೊದಲ ದಿನವೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದಳು, "ನಾನು ಉದ್ದಕ್ಕೆ ಊದಿದ್ರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಬೇಕು. ಯಾಕೆ, ಏನು ಅಂತ ಆಮೇಲೆ ಕೇಳಿ." ನಿಮ್ಮ ತಮ್ಮ ಸೆಲ್ಯೂಟ್ ಹೊಡೆದು ಎಲ್ಲರನ್ನೂ ನಗಿಸಿದರು.

ಆ ಮಧ್ಯಾಹ್ನ ಹುಲ್ಲುಗಾವಲಿನಲ್ಲಿ ನಡೆಯುವಾಗ ಅವಳು ಕೈ ಎತ್ತಿ ನಮ್ಮನ್ನು ತಡೆದು, "ಶ್, ಕೇಳಿ" ಎಂದಳು. ಬೆಟ್ಟದ ಮೇಲೊಂದು ಥರದ ಗುಂಡುಗುಂಡನೆಯ ದೊಡ್ಡ ಅಳಿಲು ಇದೆ. ಬಿಲದ ಬಾಯಲ್ಲಿ ಎದ್ದು ನಿಂತು, ಹದ್ದಿನ ನೆರಳು ಕಂಡರೆ ಶಿಳ್ಳೆ ಹೊಡೆದು ತನ್ನವರನ್ನು ಎಚ್ಚರಿಸುತ್ತದೆ. ಎಷ್ಟು ಚೂಪು ಶಿಳ್ಳೆ ಎಂದರೆ ನನ್ನ ಹಲ್ಲು ಜುಮ್ಮೆಂದಿತು. ಹೊಸ ಮದುವೆಯ ಹುಡುಗಿ ಕಿವಿ ಮುಚ್ಚಿಕೊಂಡು ನಕ್ಕಳು. ನಾನು ನಿಮ್ಮ ತಮ್ಮನ ಕಡೆ ತಿರುಗಿದೆ. ಅವರು ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕ ಮೇಲೆ ಅವರೂ ನಕ್ಕು, "ಆಹಾ, ಎಂಥಾ ಶಿಳ್ಳೆ" ಎಂದು ತಲೆಯಾಡಿಸಿದರು. ಅದು ಒಂದು ಚಿಟಿಕೆಯಷ್ಟು ತಡವಾಗಿ ಬಂದ ನಗು. ಬೇರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಅಕ್ಕಿಯಲ್ಲಿ ಸಿಕ್ಕ ಕಲ್ಲಿನ ಹಾಗೆ ನನಗೆ ಮಾತ್ರ ಕಟುಕ್ಕೆಂದಿತು.

ಆ ಸಂಜೆಯೆಲ್ಲ ನನ್ನ ತಲೆಯಲ್ಲಿ ಮನೆಯದೇ ಸಂಗತಿಗಳು. ಟಿವಿ ಪಕ್ಕದ ಮನೆಯವರಿಗೆ ಕೇಳಿಸುವಷ್ಟು ಜೋರು. ನಾನು "ಚಹಾಕ್ಕೆ ಸಕ್ಕರೆ ಸಾಕಾ?" ಎಂದರೆ ಅವರು "ನಾಳೆ ತರ್ತೀನಿ" ಎನ್ನುತ್ತಿದ್ದರು. ನಾನು ಇದನ್ನೆಲ್ಲ ನಕ್ಕು ಕಳೆಯುತ್ತಿದ್ದೆ. "ನಿಮ್ಮ ಹತ್ರ ಮಾತಾಡೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎನ್ನುತ್ತಿದ್ದೆ. ಅವರೂ ಕೋಣನ ಹಾಗೆ ತಲೆ ಅಲ್ಲಾಡಿಸಿ ತೋರಿಸುತ್ತಿದ್ದರು. ಗಂಡಸರು ಹೆಂಡತಿಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ಹೊಸದೇನಲ್ಲವಲ್ಲ, ಅತ್ತಿಗೆ. ನೀವು ಫೋನ್ ಮಾಡಿದಾಗಲೆಲ್ಲ "ಅಕ್ಕ, ಕೈ ಕೊಳೆಯಾಗಿದೆ, ಇವಳ ಹತ್ರ ಮಾತಾಡು" ಎಂದು ನನಗೆ ಕೊಟ್ಟುಬಿಡುತ್ತಿದ್ದರು. ಬೆಳೆಸಿದ ಅಕ್ಕನ ಹತ್ತಿರ ನಾಲ್ಕು ಮಾತಾಡಲು ಇವನಿಗೇನು ರೋಗ ಎಂದು ನೀವು ಕಣ್ಣೀರು ಹಾಕಿಕೊಂಡಿದ್ದೂ ನನಗೆ ಗೊತ್ತು. ನಿಮ್ಮ ಮೇಲಿನ ಅಕ್ಕರೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಫೋನಿನಲ್ಲಿ ನಿಮ್ಮ ಬಾಯಿ ಅವರಿಗೆ ಕಾಣುವುದಿಲ್ಲ, ಅಷ್ಟೇ.

ಮಾರನೆಯ ದಿನದ್ದು ಬರೆಯಲು ಕೈ ಹಿಂಜರಿಯುತ್ತಿದೆ. ಕಾಡುಮೇಕೆಗಳು ಇರುವ ಕಣಿವೆಗೆ ಹೋಗಲು ಪುಡಿಗಲ್ಲಿನ ಒಂದು ಇಳಿಜಾರನ್ನು ದಾಟಬೇಕಿತ್ತು. ಬೆಟ್ಟದ ನೆತ್ತಿಯಿಂದ ಕೆಳಗಿನ ತೊರೆಯವರೆಗೆ ಬರೀ ಸಡಿಲ ಕಲ್ಲು, ನಡುವೆ ಒಂದು ಕಾಲಿನ ಅಗಲದ ಹಾದಿ. ಒಬ್ಬೊಬ್ಬರೇ ದಾಟಬೇಕು, ಮಾತಾಡಬಾರದು, ಮೇಲೆ ಕಲ್ಲು ಜಾರಿದರೆ ಅವಳು ಶಿಳ್ಳೆ ಊದುತ್ತಾಳೆ, ನಿಲ್ಲಬೇಕು. ಮೊದಲು ಆ ಹೊಸ ಜೋಡಿ ದಾಟಿತು. ನಾನು ದೇವರನ್ನು ನೆನೆದುಕೊಂಡು ದಾಟಿದೆ. ನಿಮ್ಮ ತಮ್ಮ ಕೊನೆಯವರು. ಅವರ ಹಿಂದೆ, ಆಚೆ ಅಂಚಿನಲ್ಲಿ, ಆ ಹೆಂಗಸು ತಲೆ ಎತ್ತಿ ಮೇಲೆಯೇ ನೋಡುತ್ತ ನಿಂತಿದ್ದಳು. ಅವರು ಎಷ್ಟು ಜಾಗರೂಕತೆಯಿಂದ ಹೆಜ್ಜೆ ಇಡುತ್ತಿದ್ದರೆಂದರೆ ಕಣ್ಣು ಪಾದದಿಂದ ಕದಲುತ್ತಿರಲಿಲ್ಲ. ಅರ್ಧ ದಾರಿ ಬಂದಿದ್ದರು. ಮೇಲೆ ಬಂಡೆಯ ಸಂದಿನಲ್ಲಿ ಮೇಕೆಗಳ ಹಿಂಡು ಸರಿದಾಡಿತು. ಮೊದಲು ಮಣ್ಣು ಉದುರಿತು, ಆಮೇಲೆ ಕಲ್ಲು. ಅವಳು ಉದ್ದಕ್ಕೆ ಊದಿದಳು. ಮತ್ತೆ ಊದಿದಳು. ನಾವು ಮೂವರೂ "ನಿಲ್ಲಿ! ನಿಲ್ಲಿ!" ಎಂದು ಗಂಟಲು ಹರಿಯುವಂತೆ ಕೂಗಿದೆವು.

ಅವರು ನಡೆದು ಬರುತ್ತಲೇ ಇದ್ದರು ಅತ್ತಿಗೆ. ಆ ಮುಖ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಭಯವಿಲ್ಲ, ಅವಸರವಿಲ್ಲ, ತುಟಿಯ ಮೂಲೆಯಲ್ಲಿ ಒಂದು ಸಣ್ಣ ತೃಪ್ತಿ. ಚೆನ್ನಾಗಿ ದಾಟುತ್ತಿದ್ದೇನೆ ಎಂದು ತಮ್ಮಷ್ಟಕ್ಕೆ ತಾವೇ ಮೆಚ್ಚಿಕೊಂಡ ಮುಖ. ಕಲ್ಲುಗಳು ಅವರ ಮುಂದಿನ ಹಾದಿಗೇ ಇಳಿದು ಬರುತ್ತಿದ್ದವು. ಆ ಹೆಂಗಸು ಹಿಂದಿನಿಂದ ಓಡಿ ಬಂದಳು. ಅಲ್ಲಿ ಓಡಬಾರದು ಎಂದು ನಮಗೆ ಹೇಳಿಕೊಟ್ಟವಳೇ ಓಡಿದಳು. ಅವರ ಬೆನ್ನಚೀಲ ಹಿಡಿದು ಹಿಂದಕ್ಕೆಳೆದು ತಾನು ಮೇಲ್ಗಡೆಗೆ ಬಂದಳು. ಇಟ್ಟಿಗೆ ಗಾತ್ರದ ಕಲ್ಲೊಂದು ಪುಟಿದು ಅವಳ ಹೆಗಲಿಗೆ ಬಡಿಯಿತು. ಉಳಿದವು ಕೆಳಗೆ ಹೋದವು, ತೊರೆಯಲ್ಲಿ ಬಿದ್ದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ನಿಮ್ಮ ತಮ್ಮ ಕೂತಲ್ಲೇ ಸುತ್ತ ನೋಡುತ್ತಿದ್ದರು, ನಿದ್ದೆಯಿಂದ ಎಬ್ಬಿಸಿದ ಮಗುವಿನ ಹಾಗೆ. ಆಮೇಲೆ ಅವಳ ತೋಳು ಜೋತಾಡುತ್ತಿರುವುದನ್ನು ಕಂಡು ಮುಖ ಬಿಳಿಚಿಕೊಂಡಿತು. "ಗಾಳಿ ಇತ್ತು. ಗಾಳೀಲಿ ಏನೂ ಕೇಳಿಸ್ಲಿಲ್ಲ" ಎಂದರು. ಗಾಳಿ ಇದ್ದದ್ದೇನೋ ನಿಜ. ಒಗೆದ ಬಟ್ಟೆ ಆರುವಷ್ಟು ಗಾಳಿ.

ಅವಳ ತೋಳನ್ನು ನನ್ನ ಶಾಲಿನಿಂದ ಕೊರಳಿಗೆ ಕಟ್ಟಿ, ಬೇರೆ ಹಾದಿಯಲ್ಲಿ ಸುತ್ತು ಹಾಕಿ ಇಳಿದೆವು. ದಾರಿಯುದ್ದಕ್ಕೂ ಅವಳೇ ಮುಂದೆ, ಹಲ್ಲು ಕಚ್ಚಿಕೊಂಡು. ನಿಮ್ಮ ತಮ್ಮ ಎಲ್ಲರ ಚೀಲವನ್ನೂ ಹೊತ್ತರು. ಯಾರಾದರೂ ಬೇಡ ಎಂದರೆ ಅದನ್ನೂ ಕೇಳಿಸಿಕೊಳ್ಳಲಿಲ್ಲ. ಕೆಳಗೆ ಸಣ್ಣ ಆಸ್ಪತ್ರೆ, ಒಂದೇ ಕೋಣೆ, ಔಷಧದ ಬೀರು, ಮೇಣಬಟ್ಟೆ ಹೊದಿಸಿದ ಮಂಚ. ಹೆಗಲ ಹತ್ತಿರದ ಕಾಲರ್ ಬೋನು ಮುರಿದಿದೆ ಎಂದರು ಡಾಕ್ಟರು. ಕಟ್ಟು ಹಾಕುತ್ತಿರುವಾಗಲೇ ಬೆಟ್ಟದ ಮೇಲ್ವಿಚಾರಣೆಯ ಅಧಿಕಾರಿ ಬಂದ. ಬಂದವನು ಅವಳ ನೋವು ಕೇಳಲಿಲ್ಲ. "ಗಾಳಿ ಇರೋ ದಿನ ಅಲ್ಲಿ ದಾಟಿಸಬಾರದು ಅಂತ ಗೊತ್ತಿಲ್ವಾ? ಶಿಳ್ಳೆ ಕೇಳಿಸುತ್ತೋ ಇಲ್ವೋ ನೋಡ್ಕೊಳ್ಳೋದು ಯಾರ ಕೆಲಸ? ಇನ್ಮೇಲೆ ಮೇಲಕ್ಕೆ ಯಾರನ್ನೂ ಕರ್ಕೊಂಡು ಹೋಗೋ ಹಾಗಿಲ್ಲ ನೀನು" ಎಂದ. ಅವಳು ತಲೆ ತಗ್ಗಿಸಿ, "ನಂದೇ ತಪ್ಪಿರಬೇಕು ಸಾರ್" ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ ಅಲ್ಲವೇ? ನಾನು ನಿಮ್ಮ ತಮ್ಮನ ಕಡೆ ನೋಡಿದೆ. ಅವರು ನನಗೆ ಬೆನ್ನು ಮಾಡಿ, ಮಂಚದ ತುದಿಯ ಸ್ಟೂಲಿನ ಮೇಲೆ ಕೂತು, ಅಧಿಕಾರಿಯ ಮುಖವನ್ನೇ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಆ ಮನುಷ್ಯನಿಗೆ ಬಾಯಿ ಮುಚ್ಚುವಷ್ಟು ದಪ್ಪ ಮೀಸೆ.

ನಾನು ಇದ್ದಲ್ಲಿಂದಲೇ ಹೇಳಿದೆ. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಅವಳ ತಪ್ಪಿಲ್ಲ. ಇವರಿಗೆ ಕಿವಿ ಕೇಳಿಸೋದಿಲ್ಲ." ಡಾಕ್ಟರು ಕಟ್ಟು ಸುತ್ತುವುದನ್ನು ನಿಲ್ಲಿಸಿದರು. ಅಧಿಕಾರಿ, ಡಾಕ್ಟರು, ಆ ಹೆಂಗಸು, ಎಲ್ಲರೂ ನಿಮ್ಮ ತಮ್ಮನ ಕಡೆ ನೋಡಿದರು. ಅವರು ತಿರುಗುತ್ತಾರೆ, ಸಿಟ್ಟಾಗುತ್ತಾರೆ, ಏನು ಮಾತು ಆಡ್ತಿದ್ದೀಯ ಎಂದು ಗದರಿಸುತ್ತಾರೆ ಎಂದು ಕಾದೆ. ಗದರಿಸಲಿ ಎಂದು ಬೇಡಿಕೊಂಡೆ ಅತ್ತಿಗೆ. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಅವರು ಸ್ವಲ್ಪ ಮುಜುಗರಪಟ್ಟುಕೊಂಡು, ಎರಡೂ ಕೈ ಜೋಡಿಸಿ, "ತುಂಬಾ ಉಪಕಾರ ಆಯ್ತಮ್ಮ. ನೀನಿಲ್ದಿದ್ರೆ ನಾನಿಲ್ಲ" ಎಂದು ಆ ಹೆಂಗಸಿಗೆ ನಕ್ಕು ಹೇಳಿದರು. ಅವಳಿಗೆ ಕಣ್ಣು ತುಂಬಿ ಬಂತು. ನನಗೆ ಅಳುವೂ ಬರಲಿಲ್ಲ. ಅಧಿಕಾರಿ ಗಂಟಲು ಸರಿಮಾಡಿಕೊಂಡು, ಅವಳ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ಮೆಲ್ಲಗೆ ಹೇಳಿ ಹೊರಟುಹೋದ.

ಮಾರನೆಯ ಬೆಳಿಗ್ಗೆ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಮೊದಲು ಗಾಳಿ ಎಂದರು. ಆಮೇಲೆ ವಯಸ್ಸು ಎಂದರು. ನೀರಿನ ಮೇಲೆ ಬಾತುಗಳು ಹೋಗುತ್ತಿದ್ದವು, ಅವುಗಳನ್ನು ತೋರಿಸಿ, "ಅವು ಕೂಗ್ತಿವೆಯಾ?" ಎಂದು ಕೇಳಿದರು. ಹೂಂ ಎಂದೆ. "ಮೊದಲು ಹೋಗಿದ್ದು ಹಕ್ಕಿಗಳು. ಕ್ರೇನ್ ಮೇಲಿನ ಹದ್ದು ಬಾಯಿ ತೆಗೆಯೋದು ಕಾಣ್ತಿತ್ತು, ದನಿ ಬರ್ತಿರ್ಲಿಲ್ಲ. ಆಮೇಲೆ ನಿನ್ನ ಮಾತು. ನಿನ್ನ ತುಟಿ ನೋಡ್ಕೊಂಡೇ ಸಂಸಾರ ಮಾಡ್ತಿದ್ದೀನಿ ಕಣೇ" ಎಂದರು. ಇಂಥದ್ದನ್ನು ಕೇಳಿ ಏನೆಂದು ಸಿಟ್ಟು ಮಾಡಿಕೊಳ್ಳಲಿ. ಕೆಲಸ ಹೇಗೆ ನಡೆಯುತ್ತಿದೆ ಎಂದೆ. ಕ್ರೇನಿನ ಕೆಳಗೆ ನಿಂತು ಸನ್ನೆ ಕೊಡುವ ಅವರ ಹಳೆಯ ಸ್ನೇಹಿತರು ಗೊತ್ತಲ್ಲ, ಬಂದರಿನವರೆಲ್ಲ ಬಾವುಟ ಎಂದು ಕರೆಯುತ್ತಾರಲ್ಲ, ಅವರಿಗೆ ಮಾತ್ರ ಗೊತ್ತಂತೆ. ಎಲ್ಲರೂ ವಾಕಿ-ಟಾಕಿಯಲ್ಲಿ ಮಾತಾಡಿದರೆ ಇವರಿಬ್ಬರದು ಬರೀ ಕೈಸನ್ನೆ. "ಬಾವುಟ ಕೈ ಎತ್ತಿದ್ರೆ ಎತ್ತೋದು, ಇಳಿಸಿದ್ರೆ ಇಳಿಸೋದು. ಮೇಲೆ ಕೂತೋನಿಗೆ ಕಣ್ಣಿದ್ರೆ ಸಾಕು" ಎಂದರು. "ಬಾವುಟ ಇಲ್ಲದ ಕಡೆಯಿಂದ ಯಾರಾದ್ರೂ ನಿಲ್ಸಿ ಅಂತ ಕೂಗಿದ್ರೆ?" ಎಂದೆ. ನಾನು ಅವರ ಎದುರಿಗೇ ಇದ್ದೆ, ಬೆಳಕು ನನ್ನ ಮುಖದ ಮೇಲೇ ಇತ್ತು. ಆದರೂ, ಕೇಳಿಸಲಿಲ್ಲ ಎನ್ನುವ ಹಾಗೆ ನೀರಿನ ಕಡೆ ತಿರುಗಿಕೊಂಡರು.

ಮತ್ತೆ ನನ್ನ ಕಡೆ ತಿರುಗಿ ಅವರೇ, "ಆ ಹೆಣ್ಣುಮಗಳ ಕೆಲಸಕ್ಕೇನೂ ತೊಂದರೆ ಆಗ್ಲಿಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದೆ. "ಸದ್ಯ" ಎಂದರು. ಹೇಗೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು, ಯಾರಿಗೂ ಹೇಳಬೇಡ, ಅಕ್ಕನಿಗಂತೂ ಹೇಳಲೇಬೇಡ, ನಿವೃತ್ತಿಯವರೆಗೆ ಹೇಗೋ ತಳ್ಳಿಬಿಡುತ್ತೇನೆ ಎಂದರು. "ಅಲ್ಲಿಂದ ಕೆಳಗಿಳಿದ್ರೆ ನಾನ್ಯಾರು ಹೇಳು? ಗೋದಾಮಿನ ಬಾಗಿಲಲ್ಲಿ ಕೂತು ಬರೋರಿಗೆಲ್ಲ ಏನು, ಏನು ಅಂತ ಕೇಳೋ ಮುದುಕ." ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವರು ಹೂಂ ಎಂದೇ ಓದಿಕೊಂಡರು.

ಮನೆಗೆ ಬಂದ ಮೇಲೆ ಬಾವುಟ ಅವರ ಹೆಂಡತಿ ಸಿಕ್ಕಿ, ಅವರಿಗೆ ಬೇರೆ ಬಂದರಿಗೆ ವರ್ಗವಾಗಿದೆ, ಸಾಮಾನು ಕಟ್ಟುತ್ತಿದ್ದೇವೆ ಎಂದರು. ಅವರ ಜಾಗಕ್ಕೆ ಬರುವವನಿಗೆ ಏನೂ ಗೊತ್ತಿಲ್ಲ. ನಿಮ್ಮ ತಮ್ಮನನ್ನು ಕೇಳಿದರೆ "ಅವನಿಗೂ ಸನ್ನೆ ಕಲಿಸ್ತೀನಿ ಬಿಡು" ಎನ್ನುತ್ತಾರೆ. ನನಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ನುಂಗಲಾರೆ, ಉಗುಳಲಾರೆ. ಬೆಳಿಗ್ಗೆ ಅವರು ಬುತ್ತಿ ತೆಗೆದುಕೊಂಡು ಹೊರಟರೆ ಕ್ರೇನು ಎತ್ತುವ ಕಬ್ಬಿಣದ ಆ ದೊಡ್ಡ ಪೆಟ್ಟಿಗೆಗಳು, ಅವುಗಳ ಕೆಳಗೆ ಓಡಾಡುವ ಗಂಡಸರು ಹೆಂಗಸರು ಕಣ್ಣ ಮುಂದೆ ಬರುತ್ತಾರೆ. ಅವರ ಮನೆಗಳಲ್ಲೂ ನನ್ನಂಥವಳೊಬ್ಬಳು ಇರುತ್ತಾಳಲ್ಲ. ಹಾಗೆಂದು ಈ ಮನುಷ್ಯನ ರೆಕ್ಕೆ ನನ್ನ ಕೈಯಾರೆ ಕತ್ತರಿಸಲೇ? ಅಮ್ಮ ಹೋದ ಮೇಲೆ ನೀವು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಒಂದು ಮಾತು ಹೇಳಿ. ನೀವು ಹೇಳಿದರೆ ಕೇಳುತ್ತಾರೆ. ಕೇಳುತ್ತಾರೆ ಎಂದು ಬರೆದು ನಾನೇ ಒಂದು ಗಳಿಗೆ ತಡೆದು ಕೂತೆ, ನೋಡಿ. ಫೋನ್ ಮಾಡಬೇಡಿ, ಅವರಿಗೇ ಪತ್ರ ಬರೆಯಿರಿ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಮಗಳಿಗೆ, ಅಳಿಯನಿಗೆ ನೆನಪು ಹೇಳಿ, ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ನಿಮ್ಮ ಆಶೀರ್ವಾದ ಈ ಮನೆಯ ಮೇಲಿರಲಿ, ಈಗ ಅದು ಬೇಕಾಗಿದೆ.

ಇಂತಿ ನಿಮ್ಮ ಕೋಳಿ ಅಕ್ಷರದ
ತಮ್ಮನ ಹೆಂಡತಿ

ತಾ.ಕ.: ಅತ್ತಿಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಗುರುವಾರ. ಪತ್ರ ಇಷ್ಟು ದಿನ ಡ್ರಾಯರಿನಲ್ಲೇ ಉಳಿಯಿತು. ನಿಮ್ಮ ಉತ್ತರಕ್ಕೆ ಕಾಯಲು ನನ್ನಿಂದ ಆಗಲಿಲ್ಲ. ಹೊಸಬನು ಕೆಲಸಕ್ಕೆ ಬರುವ ದಿನ ಬೆಳಿಗ್ಗೆ ಬಂದರಿಗೆ ಹೋಗಿ ಮೇಲ್ವಿಚಾರಕರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರು, ಅವಮಾನ ಮಾಡದೆ ಇವರನ್ನು ಕೆಳಗೆ ಕರೆಸಿಕೊಂಡು, ಕಿವಿ ಪರೀಕ್ಷೆ ಆಗುವವರೆಗೆ ರಜೆಯಲ್ಲಿರಿ ಎಂದರಂತೆ. ಯಾರು ಹೇಳಿದ್ದೆಂದು ಹೇಳಿಲ್ಲ. ನಿಮ್ಮ ತಮ್ಮ ಅದು ಬಾವುಟ ಅವರ ಕೆಲಸ ಎಂದುಕೊಂಡಿದ್ದಾರೆ. ನಿನ್ನೆ ಬಾವುಟ ಊರು ಬಿಡುವ ಮುಂಚೆ ಹೇಳಿ ಹೋಗಲು ಬಂದರೆ ಇವರು ಕಿಟಕಿಯಿಂದ ಕಂಡೂ ಬಾಗಿಲು ತೆಗೆಯಲಿಲ್ಲ, ನನಗೂ ತೆಗೆಯಲು ಬಿಡಲಿಲ್ಲ. ಆ ಮನುಷ್ಯ ತಟ್ಟಿ ತಟ್ಟಿ, ಕಿಟಕಿಯ ಹತ್ತಿರ ಬಂದು ಕೈಸನ್ನೆಯಲ್ಲಿ ಏನೋ ಹೇಳಲು ನೋಡಿ, ಹೊರಟುಹೋದರು. ಇಷ್ಟು ವರ್ಷದ ಸ್ನೇಹ. ನನ್ನಿಂದ ನೋಡಲಾಗಲಿಲ್ಲ. ಇದನ್ನು ಅಂಚೆಗೆ ಹಾಕಿ ಬಂದು, ಅವರನ್ನು ಬೆಳಕಿರುವ ಕಡೆ ಕೂರಿಸಿ, ನನ್ನ ತುಟಿ ಚೆನ್ನಾಗಿ ಕಾಣುವ ಹಾಗೆ ಎದುರಿಗೆ ಕೂತು, ಹೇಳಿದವಳು ನಾನೇ ಎಂದು ಹೇಳಲಿದ್ದೇನೆ. ಆಮೇಲೆ ಅವರು ನನ್ನ ಮುಖ ನೋಡುವುದನ್ನೇ ಬಿಟ್ಟರೆ ನನ್ನ ಮಾತು ಅವರಿಗೆ ಮುಟ್ಟಲು ಬೇರೆ ದಾರಿಯಿಲ್ಲ. ಅದಕ್ಕೇ ಅತ್ತಿಗೆ, ಮಂಡಿ ನೋಯುತ್ತಿದ್ದರೂ ಸರಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಂದುಬಿಡಿ.